ಪದಚರ್ಚೆ: ‘ಸ್ಮೋಕ್ಡ್ ಬೈಸನ್’ ಅನ್ನೋದನ್ನು ಅಕ್ಕನಿಗೆ ಕನ್ನಡದಲ್ಲಿ ಹೇಗೆ ಬರೆಯಲಿ?

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಿಂದ ಬರೆಯುತ್ತಿದ್ದೇನೆ. ನನಗೊಂದು ಪದ ಬೇಕಾಗಿದೆ. ಸರಿಯಾಗಿ ಹೇಳಬೇಕೆಂದರೆ ಎರಡು ಪದ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಯಾತಕ್ಕೆ ಬೇಕು ಅಂತ ಗೊತ್ತಿಲ್ಲದೆ ನೀವಾದರೂ ಹೇಗೆ ಹುಡುಕಿಕೊಡುತ್ತೀರಿ, ಅಲ್ವಾ?

ನನ್ನ ಅಕ್ಕ ಸೋಮವಾರಪೇಟೆ ಕಡೆಯ ಹಳ್ಳಿಯಲ್ಲಿದ್ದಾಳೆ. ಅವಳ ಮಗಳು ಅಮೆರಿಕದ ಮೊಂಟಾನಾದಲ್ಲಿ. ಈಗ ಏಳು ತಿಂಗಳ ಬಸುರಿ. ಅಕ್ಕ ಬಾಣಂತನಕ್ಕೆ ಅಲ್ಲಿಗೆ ಹೊರಟಿದ್ದಾಳೆ. ಹುಡುಗಿಗೆ ರಕ್ತ ಕಡಿಮೆ, ಕಬ್ಬಿಣದ ಅಂಶ ಇರುವುದನ್ನು ಚೆನ್ನಾಗಿ ತಿನ್ನು ಅಂತ ಅಲ್ಲಿನ ಡಾಕ್ಟರು ಹೇಳಿದ್ದಾರೆ. ಅಲ್ಲಿ ಸಿಗುವ ಬೈಸನ್ ಮಾಂಸ ಅವಳಿಗೆ ಹಿಡಿಸಿದೆ. ಫ್ರಿಜ್‌ನಲ್ಲಿ ಏನೇನಿದೆ, ಯಾವುದನ್ನು ಹೇಗೆ ಬೇಯಿಸಬೇಕು ಅಂತ ಎರಡು ಪುಟ ಇಂಗ್ಲಿಷ್‌ನಲ್ಲಿ ಬರೆದು ನನಗೆ ಕಳಿಸಿದಳು. “ಚಿಕ್ಕಮ್ಮ, ನಾನು ಕೆಲಸಕ್ಕೆ ಹೋದಾಗ ಅಮ್ಮ ಒಬ್ಬಳೇ ಇರ್ತಾಳೆ. ಅವಳಿಗೆ ತಿಳಿಯೋ ಹಾಗೆ ಕನ್ನಡದಲ್ಲಿ ಬರೆದುಕೊಡಿ” ಅಂದಳು.

ಅದರಲ್ಲಿ ‘ಸ್ಮೋಕ್ಡ್ ಬೈಸನ್’ ಅಂತಿತ್ತು, ಅಂದರೆ ಸೌದೆ ಹೊಗೆಯಲ್ಲಿಟ್ಟ ಬೈಸನ್ ಮಾಂಸ. ನಾನು ‘ಹೊಗೆ ಹಾಕಿದ ಕಾಟಿ ಮಾಂಸ’ ಅಂತ ಬರೆದು ಅಕ್ಕನಿಗೆ ಕಳಿಸಿಬಿಟ್ಟೆ. ಕಾಟಿ ಅಂದರೆ ನಮ್ಮ ಕಾಡುಕೋಣ.

ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ಅಕ್ಕನ ದನಿ ನಡುಗುತ್ತಿತ್ತು. “ಕಾಟಿ ತಿಂತಿದ್ದಾಳಾ ಇವಳು? ಫಾರೆಸ್ಟಿನವರು ಹಿಡ್ಕೊಂಡು ಹೋದ್ರೆ ಏನು ಗತಿ? ಹೊಟ್ಟೆಯಲ್ಲಿ ಮಗು ಬೇರೆ ಇದೆ” ಅಂದಳು. ಸಮಾಧಾನ ಮಾಡುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಅವಳು ಹೆದರಿದ್ದರಲ್ಲಿ ತಪ್ಪೇನಿಲ್ಲ. ತೋಟದ ಬೇಲಿಯಾಚೆ ಕಾಟಿ ನಿಂತದ್ದನ್ನು ಕಂಡು ಬೆಳೆದವಳು ಅವಳು. ಕಾಟಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ. ಹೊಡೆಯುವುದಷ್ಟೇ ಅಲ್ಲ, ಅದರ ಮಾಂಸ ಮನೆಯಲ್ಲಿ ಇಟ್ಟುಕೊಂಡರೂ ಜೈಲು. ಕೊಡಗಿನಲ್ಲಿ ಇದು ಮಕ್ಕಳಿಗೂ ಗೊತ್ತು. ಒಂದು ಪದ ತಪ್ಪಿದ್ದಕ್ಕೆ ಅವಳು ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ.

ಹಾಗಾಗಿ ಮೊದಲನೇ ಪದ ಪ್ರಾಣಿಯದ್ದು.

ನಮ್ಮ ಕಾಟಿಯನ್ನು ‘ಇಂಡಿಯನ್ ಬೈಸನ್’ ಅಂತ ಕರೆದದ್ದು ಬ್ರಿಟಿಷರ ಕಾಲದ ಬೇಟೆಗಾರರು. ಆ ಹೆಸರು ಅರಣ್ಯ ಇಲಾಖೆಯ ಬೋರ್ಡುಗಳ ತನಕ ಬಂದು ಕೂತಿದೆ. ಆದರೆ ಕಾಟಿ ಬೈಸನ್ ಅಲ್ಲ. ಕಾಟಿಯ ಮೈಕೂದಲು ಮೋಟು, ಎಣ್ಣೆ ಸವರಿದ ಹಾಗೆ ಮಿನುಗುತ್ತದೆ. ಮೊಣಕಾಲಿನಿಂದ ಕೆಳಗೆ ಬಿಳಿ. ಅಮೆರಿಕದ ಬೈಸನ್‌ಗೆ ತಲೆ, ಕುತ್ತಿಗೆ, ಹೆಗಲ ಮೇಲೆ ಜಡೆಗಟ್ಟಿದಂಥ ಕೂದಲು, ಗಲ್ಲಕ್ಕೆ ಗಡ್ಡ. ಅದು ಹುಲ್ಲು ಬಯಲಿನ ಪ್ರಾಣಿ, ಹಿಮ ತಡೆಯುವ ಮೈ. ಅಲ್ಲಿನವರು ಅದನ್ನೇ ‘ಬಫಲೋ’ ಅಂತಲೂ ಅನ್ನುತ್ತಾರೆ. ಅದನ್ನು ನೋಡಿ ನಾವು ‘ಎಮ್ಮೆ’ ಅಂತ ಬರೆದರೆ ಇನ್ನೊಂದು ತಪ್ಪು. ಅದು ಎಮ್ಮೆಯೂ ಅಲ್ಲ.

ಕನ್ನಡದ ಒಳಗೂ ತೊಡಕಿದೆ. ಮಲೆನಾಡು, ಕೊಡಗಿನಲ್ಲಿ ಕಾಟಿ ಅಂದರೆ ಸಾಕು. ಕೆಲವು ಕಡೆ ಕಾಡುಕೋಣ, ಇನ್ನು ಕೆಲವು ಕಡೆ ಕಾಡೆಮ್ಮೆ. ನಿಜವಾದ ಕಾಡೆಮ್ಮೆ, ಅಂದರೆ ನಮ್ಮ ಸಾಕುಎಮ್ಮೆಯ ಕಾಡು ಮೂಲ, ಹೆಚ್ಚಾಗಿ ಇರುವುದು ಅಸ್ಸಾಂ ಕಡೆಯ ಜೌಗಿನಲ್ಲಿ. ನಮ್ಮ ಕಾಡಿನಲ್ಲಿ ಇಲ್ಲವೇ ಇಲ್ಲ. ನನಗೆ ಕಾಟಿಯೇ ಇಷ್ಟ. ಚಿಕ್ಕ ಪದ, ಬೇರೆ ಯಾವ ಪ್ರಾಣಿಗೂ ಹೊಂದದ ಪದ. ಅಂಥ ಪದವನ್ನು ದೂರದ ಇನ್ನೊಂದು ಪ್ರಾಣಿಗೆ ಸಾಲ ಕೊಡಬಾರದು ಅಂತ ಈಗ ಗಟ್ಟಿಯಾಗಿ ಅನ್ನಿಸುತ್ತಿದೆ. ಅದಕ್ಕೇ ತಿದ್ದುವಾಗ ‘ಬೈಸನ್’ ಅಂತಲೇ ಉಳಿಸಿದೆ. ಪಕ್ಕದಲ್ಲಿ ‘ಅಮೆರಿಕದ ಹುಲ್ಲುಬಯಲಿನ ದೊಡ್ಡ ಪ್ರಾಣಿ, ದನದ ಕುಲದ್ದು, ಅಲ್ಲಿ ಫಾರ್ಮ್‌ಗಳಲ್ಲಿ ಸಾಕುತ್ತಾರೆ, ತಿನ್ನಲು ಕಾನೂನಿನ ತಡೆ ಇಲ್ಲ’ ಅಂತ ಬರೆದೆ. ದನದ ಕುಲ ಅನ್ನೋದನ್ನು ಬೇಕೆಂದೇ ಹಾಕಿದೆ. ಮುಟ್ಟುವುದು ಬಿಡುವುದು ಅಕ್ಕನಿಗೆ ಬಿಟ್ಟದ್ದು. ಹೆಸರಿನ ಹಿಂದೆ ಅದನ್ನು ಮುಚ್ಚಿಡುವುದು ನನಗೆ ಸರಿ ಕಾಣಲಿಲ್ಲ.

ಆ ಪ್ರಾಣಿಯ ಕಥೆ ಓದಿದರೆ ಹೊಟ್ಟೆ ಕಲಕುತ್ತದೆ. ಕೋಟಿಗಟ್ಟಲೆ ಇದ್ದದ್ದು 1880ರ ದಶಕ ಮುಗಿಯುವ ಹೊತ್ತಿಗೆ ಸಾವಿರದ ಆಸುಪಾಸಿಗೆ ಇಳಿದಿತ್ತು. ಉಳಿದದ್ದನ್ನು ಕಾಪಾಡಿ ಬೆಳೆಸಿದರು. 2016ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಸಸ್ತನಿ ಆಯಿತು.

ಈಗ ಎರಡನೇ ಪದಕ್ಕೆ ಬರುತ್ತೇನೆ. ನಿಜವಾಗಿ ಸಿಕ್ಕಿಹಾಕಿಕೊಂಡಿರುವುದು ಇಲ್ಲೇ.

‘ಹೊಗೆ ಹಾಕು’ ಅಂದರೆ ಕನ್ನಡದಲ್ಲಿ ಬೇರೆ ಅರ್ಥಗಳೇ ಮುಂದೆ ಬರುತ್ತವೆ. ಸೊಳ್ಳೆಗೆ ಹೊಗೆ ಹಾಕುತ್ತೇವೆ. ಇಲಿ ಬಿಲಕ್ಕೆ ಹೊಗೆ ಹಾಕುತ್ತೇವೆ. ಬಾಳೆಗೊನೆ ಹಣ್ಣಾಗಲಿ ಅಂತ ಹೊಗೆ ಹಾಕುತ್ತೇವೆ. ಬೆಂಗಳೂರಿನ ಹುಡುಗರ ಬಾಯಲ್ಲಿ ‘ಹೊಗೆ ಹಾಕಿಸಿಕೊಂಡ’ ಅಂದರೆ ಸತ್ತ ಅಂತ. ‘ಹೊಗೆ ಹಿಡಿದಿದೆ’ ಅಂದರೆ ಹಾಲೋ ಸಾರೋ ಕೆಟ್ಟಿತು ಅಂತ ಅರ್ಥ. ‘ಹೊಗೆಯಾಡಿಸಿದ’ ಅಂತ ಪತ್ರಿಕೆಗಳಲ್ಲಿ ನೋಡಿದ್ದೇನೆ. ಆದರೆ ಹೊಗೆಯಾಡುವುದು ಬೆಂಕಿ, ಇಲ್ಲವೇ ಮನಸ್ಸಿನ ಜಗಳ. ಮಾಂಸಕ್ಕೆ ಅದು ಕೂರುವುದಿಲ್ಲ.

ಪಕ್ಕದ ಮನೆಯ ಕೊಡವ ಅಜ್ಜಿಯನ್ನು ಕೇಳಿದೆ. ಅವರು ತಡಮಾಡದೆ “ಒಣಕ್ ಎರ್ಚಿ” ಅಂದರು. ಎರ್ಚಿ ಅಂದರೆ ಮಾಂಸ. ಮಲಯಾಳದ ಇರಚ್ಚಿ, ತಮಿಳಿನ ಇರೈಚ್ಚಿ ಇದರ ದಾಯಾದಿಗಳು. ಒಣಕ್ ಅಂದರೆ ಒಣಗಿದ್ದು, ನಮ್ಮ ‘ಒಣ’ವೇ. (ಕೊಡವ ತಕ್ಕ್‌ನ, ಅಂದರೆ ಕೊಡವ ಭಾಷೆಯ, ಕೆಲವು ಸ್ವರಗಳಿಗೆ ನಮ್ಮ ಲಿಪಿಯಲ್ಲಿ ಅಕ್ಷರ ಇಲ್ಲ. ಯೆರ್ಚಿ, ಎರಚಿ ಅಂತ ಬರೆದದ್ದೂ ಕಾಣಸಿಗುತ್ತದೆ.) ಅಜ್ಜಿ ಕೈಯಲ್ಲೇ ಮಾಡಿ ತೋರಿಸಿದರು. ಹಂದಿ ಮಾಂಸವನ್ನು ಎರಡು ಬೆರಳು ಅಗಲದ ಪಟ್ಟಿಗಳಾಗಿ ಕುಯ್ಯುವುದು. ಉಪ್ಪು, ಅರಿಶಿನ ತಿಕ್ಕುವುದು. ದಾರದಲ್ಲಿ ಪೋಣಿಸಿ ಸೌದೆ ಒಲೆಯ ಮೇಲೆ, ಉರಿ ತಾಗದಷ್ಟು ಎತ್ತರದಲ್ಲಿ ತೂಗುಹಾಕುವುದು. ಕೆಳಗೆ ದಿನದ ಅಡುಗೆ ನಡೆಯುತ್ತದೆ, ಮೇಲೆ ಮಾಂಸ ತನ್ನ ಪಾಡಿಗೆ ಒಣಗುತ್ತದೆ. ಬೇಕಾದಾಗ ತೆಗೆದು, ಬಿಸಿನೀರಲ್ಲಿ ಮೇಲಿನ ಕರಿ ತೊಳೆದು, ಕಲ್ಲಿನಲ್ಲಿ ಒಂದು ಪೆಟ್ಟು ಜಜ್ಜಿ, ಈರುಳ್ಳಿ, ಮೆಣಸಿನ ಜೊತೆ ಹುರಿಯುವುದು. “ಕಾಫಿ ಗಿಡದ ಸೌದೆ ಆದ್ರೆ ಪರಿಮಳ ಬೇರೆ” ಅಂದರು. ಅಂಗೈ ಮೂಸಿ ನೋಡಿಕೊಂಡರು, ಅಲ್ಲಿ ಇನ್ನೂ ಆ ವಾಸನೆ ಇದೆಯೇನೋ ಅನ್ನುವ ಹಾಗೆ.

ಆಗ ನನಗೊಂದು ವಿಷಯ ಹೊಳೆಯಿತು. ಒಣಕ್ ಎರ್ಚಿಯ ಜೀವ ಇರುವುದೇ ಹೊಗೆಯಲ್ಲಿ, ಆದರೆ ಹೆಸರಿನಲ್ಲಿ ಹೊಗೆ ಇಲ್ಲ! ನಮ್ಮ ಬಯಲುಸೀಮೆಯ ‘ಉಪ್ಪುಕಂಡ’ ನೋಡಿ, ಅದರ ಹೆಸರು ಉಪ್ಪಿನದ್ದು. ಇಂಗ್ಲಿಷಿನ ‘ಜರ್ಕಿ’ ದಕ್ಷಿಣ ಅಮೆರಿಕದ ಕೆಚುವಾ ಭಾಷೆಯ ‘ಚಾರ್ಕಿ’ಯಿಂದ ಬಂದದ್ದು, ಅದರ ಅರ್ಥವೂ ಒಣಮಾಂಸ. ಉತ್ತರ ಅಮೆರಿಕದ ಮೂಲಜನರು ಒಣಗಿಸಿದ ಬೈಸನ್ ಮಾಂಸವನ್ನು ಪುಡಿಮಾಡಿ, ಕರಗಿಸಿದ ಕೊಬ್ಬು, ಕೆಲವೊಮ್ಮೆ ಕಾಡು ಹಣ್ಣು ಸೇರಿಸಿ ‘ಪೆಮಿಕನ್’ ಮಾಡುತ್ತಿದ್ದರು. ಅದು ಕ್ರೀ ಭಾಷೆಯ ಪದ, ಅದರ ಬೇರು ‘ಕೊಬ್ಬು’. ಒಬ್ಬರು ಒಣಗಿದ್ದನ್ನು ಹೆಸರಿಸಿದರು, ಒಬ್ಬರು ಉಪ್ಪನ್ನು, ಒಬ್ಬರು ಕೊಬ್ಬನ್ನು. ಇವರಲ್ಲಿ ಹೊಗೆಯನ್ನು ಯಾರೂ ಹೆಸರಿಸಲಿಲ್ಲ. ಸೌದೆ ಒಲೆಯ ಮನೆಯಲ್ಲಿ ಹೊಗೆ ಇದ್ದೇ ಇರುತ್ತಿತ್ತು. ಅದನ್ನು ಬೇರೆಯಾಗಿ ಹೇಳುವ ಅಗತ್ಯ ಬೀಳಲಿಲ್ಲವೇನೋ. ಗ್ಯಾಸ್ ಬಂದ ಮೇಲೆ ನಮಗೆ ಈ ಪದ ಬೇಕಾಗಿದೆ.

ಹಾಗಾದರೆ ‘ಒಣಮಾಂಸ’ ಅಂತ ಬರೆದರೆ ಆಗದೇ? ಆಗದು. ಹುಡುಗಿಯ ಫ್ರಿಜ್‌ನಲ್ಲಿ ಮೂರು ಪೊಟ್ಟಣ ಇವೆ. ಒಂದು ಚಕ್ಕೆಯಂತೆ ಒಣಗಿದ್ದು. ಇನ್ನೊಂದು ಬಿಸಿ ಹೊಗೆಯಲ್ಲಿ ಗಂಟೆಗಟ್ಟಲೆ ಇಟ್ಟು ಬೇಯಿಸಿದ್ದು, ಒಳಗೆ ರಸ ಇನ್ನೂ ಇದೆ. ಮೂರನೆಯದು ತಣ್ಣನೆ ಹೊಗೆಯದ್ದು. ಸುಮಾರು 30 ಡಿಗ್ರಿ ಸೆಲ್ಸಿಯಸ್ ದಾಟದ ಹೊಗೆ ಅದು. ಪರಿಮಳ ಹತ್ತುತ್ತದೆ, ಮಾಂಸ ಬೇಯುವುದಿಲ್ಲ. ಇಂಗ್ಲಿಷ್ ಈ ಮೂರಕ್ಕೂ ಸುಮ್ನೆ ‘ಸ್ಮೋಕ್ಡ್’ ಅಂದುಬಿಡುತ್ತದೆ. ಬಸುರಿ ಹೆಣ್ಣಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ಫ್ರಿಜ್‌ನ ಚಳಿಯಲ್ಲೂ ಬೆಳೆಯುತ್ತದೆ. ಹೊಟ್ಟೆಯಲ್ಲಿರುವ ಮಗುವಿಗೆ ಅದು ಅಪಾಯ. ಹಾಗಾಗಿ ಇಂಥ ಮಾಂಸವನ್ನು ಒಳಗೆಲ್ಲ 74 ಡಿಗ್ರಿ ಮುಟ್ಟುವ ತನಕ, ಹಬೆಯಾಡುವಷ್ಟು ಬಿಸಿ ಮಾಡಿಯೇ ತಿನ್ನಬೇಕು. ಅಕ್ಕನ ಕೈಯಲ್ಲಿರುವ ಚೀಟಿಯ ಪದ ನೋಡಿದ ಕೂಡಲೇ ‘ಇದು ಬೆಂದಿಲ್ಲ’ ಅಂತ ಅವಳಿಗೆ ಹೊಳೆಯಬೇಕು.

ಅದಕ್ಕೇ ಸದ್ಯಕ್ಕೆ ‘ಹೊಗೆಯಲ್ಲಿ ಒಣಗಿಸಿದ್ದು’, ‘ಹೊಗೆಯಲ್ಲಿ ಬೇಯಿಸಿದ್ದು’, ‘ಹೊಗೆ ಉಣಿಸಿದ ಹಸಿ ಮಾಂಸ’ ಅಂತ ಮೂರು ಬರೆದಿದ್ದೇನೆ. ‘ಉಣಿಸು’ ನನಗೆ ಹಿಡಿಸಿತು. ಗದ್ದೆಗೆ ನೀರುಣಿಸುತ್ತೇವೆ, ಕಂದನಿಗೆ ಹಾಲುಣಿಸುತ್ತೇವೆ. ಹೊಗೆಯೂ ಹಾಗೆ ನಿಧಾನಕ್ಕೆ ಒಳಗೆ ಇಳಿಯುವಂಥದ್ದು. ಆದರೆ ‘ಹಸಿ’ ಅನ್ನದೆ ಬಿಟ್ಟರೆ ಬೆಂದಿಲ್ಲ ಅನ್ನೋದು ತಿಳಿಯುವುದಿಲ್ಲ. ಇದಕ್ಕಿಂತ ಗಿಡ್ಡ, ಗಟ್ಟಿ ಪದ ಯಾರಿಗಾದರೂ ಹೊಳೆಯುತ್ತದೆಯೇ?

ಪೌಷ್ಟಿಕಾಂಶದ ಸಾಲುಗಳಲ್ಲೂ ಪದಗಳು ಕಾಟ ಕೊಟ್ಟವು. ‘ಲೀನ್ ಮೀಟ್’ ಅನ್ನೋದಕ್ಕೆ ‘ತೆಳು ಮಾಂಸ’ ಅಂತ ಬರೆದವರಿದ್ದಾರೆ. ಅಕ್ಕ ಅದನ್ನು ಓದಿದರೆ ತೆಳ್ಳಗೆ ಕುಯ್ದದ್ದು ಅಂದುಕೊಳ್ಳುತ್ತಾಳೆ. ಕೊಬ್ಬಿಗೆ ನಮ್ಮಲ್ಲಿ ‘ನೆಣ’ ಅನ್ನುವ ಒಳ್ಳೆಯ ಹಳೆಯ ಪದ ಇದೆ. ‘ನೆಣವಿಲ್ಲದ ಮಾಂಸ’ ಅಂತ ಬರೆದೆ. ಅಕ್ಕನಿಗೆ ತಕ್ಷಣ ತಿಳಿಯಿತು. ನೆಣವಿಲ್ಲದ 100 ಗ್ರಾಂ ಹಸಿ ಬೈಸನ್ ಮಾಂಸದಲ್ಲಿ ಸುಮಾರು 21 ಗ್ರಾಂ ಪ್ರೋಟೀನ್, 2 ಗ್ರಾಂ ಒಳಗೆ ಕೊಬ್ಬು, 110 ಕ್ಯಾಲೊರಿ ಆಸುಪಾಸು ಇರುತ್ತದೆ. ಕಬ್ಬಿಣ ಎರಡೂವರೆ ಮಿಲಿಗ್ರಾಂ. ಬಿ12 ಜೀವಸತ್ವ, ಸತು ಕೂಡ ಚೆನ್ನಾಗಿದೆ. ಮಾಂಸದ ಕಬ್ಬಿಣವನ್ನು ಸೊಪ್ಪಿನ ಕಬ್ಬಿಣಕ್ಕಿಂತ ಮೈ ಸುಲಭವಾಗಿ ಹೀರಿಕೊಳ್ಳುತ್ತದೆ.

ಆದರೆ ಈ ಅಂಕಿ ಹಸಿ ಮಾಂಸದ್ದು. ಹಸಿ ಮಾಂಸದಲ್ಲಿ ಮುಕ್ಕಾಲು ಪಾಲು ನೀರು. ಒಣಗಿಸಿದಾಗ ನೀರು ಹೋಗುತ್ತದೆ, ತೂಕಕ್ಕೆ ಹೋಲಿಸಿದರೆ ಪ್ರೋಟೀನ್ ಏರುತ್ತದೆ. ಜೊತೆಗೆ ಉಪ್ಪೂ ಏರುತ್ತದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಉಪ್ಪು ಹಾಕಿ, ಹೊಗೆಯಲ್ಲಿಟ್ಟು ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ನಾನು ಇದನ್ನು ಅಕ್ಕನಿಗೆ ನೇರವಾಗಿಯೇ ಬರೆದೆ: ರಕ್ತಕ್ಕಾಗಿ ಅಂತಾದರೆ ಹಸಿ ಮಾಂಸ ತಂದು ಬೇಯಿಸು. ಹೊಗೆಯದ್ದು ಬಾಯಿ ರುಚಿಗೆ, ಅಪರೂಪಕ್ಕೆ ಒಂದು ತುಂಡು. ಒಣಗಿದ್ದನ್ನು ಎರಡು ಸಲ ಬಿಸಿನೀರಲ್ಲಿ ನೆನೆಸಿ ನೀರು ಚೆಲ್ಲು, ಉಪ್ಪು ಇಳಿಯುತ್ತದೆ.

ಬೇಯಿಸುವ ಪದಗಳು ಮಾತ್ರ ಸಲೀಸಾಗಿ ಬಂದವು. ನೆಣ ಇಲ್ಲದ ಮಾಂಸ ಜೋರು ಉರಿಯಲ್ಲಿ ಬೇಗ ಚರ್ಮದ ಹಾಗಾಗುತ್ತದೆ. ‘ಸಣ್ಣ ಉರಿ, ಮುಚ್ಚಳ ಮುಚ್ಚಿ’. ‘ಎಳೆಗೆ ಅಡ್ಡಲಾಗಿ ಕುಯ್ಯಿ’, ಆಗ ನಾರು ಹಲ್ಲಿಗೆ ಸಿಗುವುದಿಲ್ಲ. ಇನ್ನೊಂದು ಎಚ್ಚರಿಕೆ ಬರೆದಿದ್ದೇನೆ. ಹೊಗೆಯಲ್ಲಿ ಬೇಯಿಸಿದ ಮಾಂಸದ ಅಂಚು ಒಳಗೆಲ್ಲ ಬೆಂದಿದ್ದರೂ ಗುಲಾಬಿ ಬಣ್ಣಕ್ಕೆ ಇರುತ್ತದೆ. ಹೊಗೆಯ ಅನಿಲ ಮಾಂಸದ ಬಣ್ಣದ ಜೊತೆ ಸೇರಿ ಹಾಗಾಗುತ್ತದೆ. ಬೆಂದಿದೆಯೇ ಇಲ್ಲವೇ ಅಂತ ಬಣ್ಣ ನೋಡಿ ಹೇಳಬೇಡ, ಥರ್ಮಾಮೀಟರ್ ಚುಚ್ಚಿ ನೋಡು ಅಂತ. ಕೊನೆಗೆ ಕಾಳುಮೆಣಸು, ಅರ್ಧ ಚಮಚ ಕಾಚಂಪುಳಿ. ಮಲೆನಾಡಿನವರು ಉಪ್ಪಾಗೆ ಅನ್ನುವ ಮರದ ಹಣ್ಣಿನ ರಸವನ್ನೇ ಕಪ್ಪಗೆ ಕಾಯಿಸಿದ್ದು ಅದು. ಅಕ್ಕನ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿದ ಬಾಟ್ಲಿ ಆಗಲೇ ಕೂತಿದೆ.

ಕೊನೆಯದಾಗಿ ಇನ್ನೊಂದು ಕೇಳುವುದಿದೆ. ಮಾಂಸಕ್ಕೆ ಹತ್ತಿದ ಆ ಒಳ್ಳೆಯ ಹೊಗೆಯ ವಾಸನೆಗೆ ನಿಮ್ಮ ಊರಲ್ಲಿ ಏನನ್ನುತ್ತಾರೆ? ಹೊಗೆನಾತ, ಕಮಟು ಎಲ್ಲವೂ ಬೈಗುಳದ ಹಾಗಿವೆ. ಅಜ್ಜಿ ‘ಪರಿಮಳ’ ಅಂದರು, ಆದರೆ ಅದು ಮಲ್ಲಿಗೆಗೂ ಆಗುತ್ತದೆ. ಅಡುಗೆಮನೆ ಜಂತಿಯಲ್ಲಿ ಜೋತುಬೀಳುವ ಮಸಿಗೂ ನಮ್ಮಲ್ಲಿ ‘ಇಲ್ಲಣ’ ಅಂತ ಒಂದು ಹೆಸರಿದೆ. ಈ ವಾಸನೆಗೂ ಎಲ್ಲೋ ಒಂದು ಮನೆಮಾತು ಇರಲೇಬೇಕು. ಉಪ್ಪುಕಂಡ ಮಾಡುವ ಬಯಲುಸೀಮೆಯವರು, ಒಣಮೀನು ಸುಡುವ ಕರಾವಳಿಯವರು ದಯವಿಟ್ಟು ಬರೆಯಿರಿ. ಅಕ್ಕ ಮುಂದಿನ ತಿಂಗಳು 12ಕ್ಕೆ ಹೊರಡುತ್ತಾಳೆ. ಅಷ್ಟರೊಳಗೆ ಸಿಕ್ಕರೆ ಚೀಟಿಯಲ್ಲಿ ತಿದ್ದಿ ಕೊಡುತ್ತೇನೆ.