ಕಾರಿನ ಹಿಂದಿನ ಶಾಕ್ ಅಬ್ಸಾರ್ಬರ್ ಟೈಟ್ ಮಾಡಿದಷ್ಟೂ ಧಡ್ ಅನ್ನುವುದು ಜಾಸ್ತಿ ಆಗುತ್ತಿದೆ

ಸೇಡಂ ರಸ್ತೆ:
ಮೂರು ಭಾನುವಾರ ಹಾಳಾಯಿತು, ತಲೆ ಕೆಟ್ಟುಹೋಗಿದೆ. ಸ್ವಿಫ್ಟ್‌ಗೆ ಗಾಡಿ ತಗ್ಗಿಸುವ ಲೋ ಸ್ಪ್ರಿಂಗ್, ಅಡ್ಜಸ್ಟ್ ಆಗುವ ಶಾಕ್ ಹಾಕಿಸಿದ್ದೇನೆ. ಮುಂದೆ ಏನೂ ತೊಂದರೆ ಇಲ್ಲ. ಹಿಂದೆ ಮಾತ್ರ ಧಡ್ ಅಂತ ಬಡಿಯುತ್ತದೆ. ಮೊದಲು ಅರ್ಧ ಸುತ್ತು ಟೈಟ್ ಮಾಡಿದೆ, ಆಮೇಲೆ ಒಂದು, ಈಗ ಒಂದೂವರೆ. ಪ್ರತಿ ಸಲ ಜಾಸ್ತಿಯೇ ಆಯಿತು. ಹುಮನಾಬಾದ್ ದಾರಿಯಲ್ಲಿ ಮಹಾಗಾಂವ್ ಕ್ರಾಸ್ ದಾಟಿದ ಮೇಲೆ ಹಿಂದೆ ಕೂತಿದ್ದ ಅವ್ವ "ನಡು ಹೋಯ್ತಪ್ಪ, ನಿಲ್ಲಿಸು" ಅಂದಳು. ಪೂರ್ತಿ ಟೈಟ್ ಮಾಡಿಬಿಡಲಾ?

ಕೆಂಪು ಬಾಳೆ:
ಯಾವ ವರ್ಷದ ಗಾಡಿ? ಎಷ್ಟು ಇಳಿಸಿದ್ದೀರಿ? ಶಾಕ್ ಮೇಲೆ ನಾಬ್ ಇದೆಯಾ, ಬಿಚ್ಚಿ ತಿರುಗಿಸುವುದಾ? ಇಷ್ಟೂ ಹೇಳದಿದ್ದರೆ ಹೇಗೆ ರೀ?

ಕೋಟೆ ಬಾಗಿಲು:
ಮೊದಲು ಟೈರ್ ಗಾಳಿ ನೋಡಿ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಮಧ್ಯಾಹ್ನ ತುಂಬಿಸಿದರೆ ಲೆಕ್ಕವೇ ತಪ್ಪುತ್ತದೆ. ನೈಟ್ರೋಜನ್ ಹಾಕಿಸಿ, ಸರಿಹೋಗುತ್ತದೆ.

ಎರೆ ಹೊಲ:
ನೈಟ್ರೋಜನ್‌ಗೂ ಧಡ್ ಅನ್ನುವುದಕ್ಕೂ ಸಂಬಂಧ ಇಲ್ಲ. ಸಾದಾ ಗಾಳಿಯಲ್ಲೇ ನೂರಕ್ಕೆ 78 ಪಾಲು ಅದೇ ಇರುತ್ತದೆ.

ಕೋಟೆ ಬಾಗಿಲು:
ಸಾದಾ ಗಾಳಿಯಲ್ಲಿ ತೇವ ಇರುತ್ತದಲ್ಲ, ಅದನ್ನು ಯಾಕೆ ಬಿಡುತ್ತೀರಿ? ನಾನು ಆರು ವರ್ಷದಿಂದ ಹಾಕಿಸುತ್ತಿದ್ದೇನೆ. ಬೀದರ್‌ನಿಂದ ಕಲಬುರಗಿವರೆಗೆ ಕೈಯಲ್ಲಿನ ಚಹಾ ತುಳುಕಲ್ಲ.

ಎರೆ ಹೊಲ:
ನೀವು ಗಾಡಿ ಇಳಿಸಿಲ್ಲ ಅಣ್ಣಾ. ಅದಕ್ಕೇ ತುಳುಕಲ್ಲ.

ಸೇಡಂ ರಸ್ತೆ:
ಗಾಳಿ 30 ಇದೆ, ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ನೋಡಿದ್ದೇನೆ. 2009ರ ಪೆಟ್ರೋಲ್ ಗಾಡಿ, 35 ಎಂಎಂ ಇಳಿದಿದೆ. ನಾಬ್ ಇಲ್ಲ. ಬಿಚ್ಚಿ, ರಾಡ್ ಪೂರ್ತಿ ಒತ್ತಿ, ತಳದಲ್ಲಿ ಕಚ್ಚಿಕೊಂಡ ಮೇಲೆ ತಿರುಗಿಸುವ ಜಾತಿ.

ಕೋಟೆ ಬಾಗಿಲು:
ಹಾಗಾದರೆ ಬುಷ್, ಅಂದರೆ ಕೀಲಿನಲ್ಲಿರುವ ರಬ್ಬರ್, ಹೋಗಿದೆ. ನನ್ನ ಹಳೆ ಜೀಪಿಗೂ ಇದೇ ಸದ್ದು ಇತ್ತು. ಹಿಂದೆ ಲೀಫ್ ಸ್ಪ್ರಿಂಗ್‌ಗೆ ಒಂದು ಪಟ್ಟಿ ಜಾಸ್ತಿ ಹಾಕಿಸಿ, ಎಲ್ಲ ಬುಷ್ ಬದಲಿಸಿದೆ. ಈಗ ಎಂಟು ಚೀಲ ತೊಗರಿ ಹೇರಿದರೂ ಜಗ್ಗಲ್ಲ.

ಎರೆ ಹೊಲ:
ಜೀಪಿನ ಮಾತು ಬೇರೆ. ಸೇಡಂ ರಸ್ತೆಯವರೇ, ದಯವಿಟ್ಟು ಇನ್ನು ಟೈಟ್ ಮಾಡಬೇಡಿ. ಇಂಥ ಶಾಕ್‌ನಲ್ಲಿ ತಿರುಗಿಸಿದಾಗ ಬದಲಾಗುವುದು ಮುಖ್ಯವಾಗಿ ರಿಬೌಂಡ್. ಅಂದರೆ ಕುಗ್ಗಿದ ಸ್ಪ್ರಿಂಗ್ ವಾಪಸ್ ಏಳುವುದನ್ನು ಅದು ಹಿಡಿದು ನಿಧಾನ ಮಾಡುತ್ತದೆ. ನೀವು ಹಿಡಿತ ಜಾಸ್ತಿ ಮಾಡಿದಿರಿ. ರಸ್ತೆಯ ಮೊದಲ ಉಬ್ಬಿಗೆ ಹಿಂಭಾಗ ಕೂತಿತು. ಏಳುವ ಮೊದಲೇ ಎರಡನೆಯದು ಬಂತು, ಇನ್ನಷ್ಟು ಕೂತಿತು. ಮೂರನೆಯದಕ್ಕೆ ಕೂರಲು ಜಾಗವೇ ಇಲ್ಲ, ಬಂಪ್ ಸ್ಟಾಪ್‌ಗೆ, ಅಂದರೆ ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ಮೆತ್ತನೆಯ ತುಂಡಿಗೆ, ಹೋಗಿ ಹೊಡೆಯಿತು. ನಮ್ಮ ಕಡೆಯ ರಸ್ತೆಗಳೂ ಹಾಗೇ ಇವೆ. ಕೆಳಗಿರುವುದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ, ಮೇಲಿನ ಡಾಂಬರು ಅಲೆ ಅಲೆಯಾಗುತ್ತದೆ. ಒಂದೂ ಗುಂಡಿ ಇಲ್ಲದ ಕಡೆಯಲ್ಲೂ ಶಾಕ್‌ಗೆ ಬಿಡುವು ಸಿಗಲ್ಲ.

ನಂಬಿಕೆ ಬರದಿದ್ದರೆ ಶಾಕ್‌ನ ಧೂಳಿನ ಕವರ್ ಮೇಲೆ ಸರಿಸಿ, ರಾಡ್‌ಗೆ ಒಂದು ಕೇಬಲ್ ಟೈ ಬಿಗಿಯಿರಿ. ಓಡಿಸಿ ಬಂದು ಅದು ಎಲ್ಲಿ ನಿಂತಿದೆ ನೋಡಿ.

ಸೇಡಂ ರಸ್ತೆ:
ನೋಡಿದೆ. ಎರಡೂ ಕಡೆ ಟೈ ಬಂಪ್ ಸ್ಟಾಪ್‌ಗೆ ಒತ್ತಿಕೊಂಡು ನಿಂತಿತ್ತು. ಬಲಗಡೆಯ ಬಂಪ್ ಸ್ಟಾಪ್‌ನ ತುದಿ ಉದುರಿ, ರಾಡ್‌ಗೆಲ್ಲ ಕಡಲೆ ಹಿಟ್ಟಿನಂಥ ಹಳದಿ ಪುಡಿ ಹತ್ತಿದೆ. ಶಾಕ್ ಎರಡನ್ನೂ ಬಿಚ್ಚಿ, ಪೂರ್ತಿ ಸಡಿಲ ಮಾಡಿ ಮೊದಲಿನಿಂದ ಎಣಿಸಿದೆ. ಎಡಕ್ಕೆ ಒಂದೂವರೆ ಸುತ್ತು, ಬಲಕ್ಕೆ ಎರಡು ಇತ್ತು! ಈಗ ಎರಡಕ್ಕೂ ಅರ್ಧ ಸುತ್ತು ಇಟ್ಟಿದ್ದೇನೆ. ಒಬ್ಬನೇ ಹೋದರೆ ಧಡ್ ಇಲ್ಲವೇ ಇಲ್ಲ. ಹಿಂದೆ ಮೂವರು ಕೂತರೆ ಮಾತ್ರ ಇನ್ನೂ ಬಡಿಯುತ್ತದೆ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಬೇರೆ ಇದೆಯಲ್ಲ, ಅದಕ್ಕೂ ಆಗುತ್ತಿರಬಹುದಾ?

ಕೆಂಪು ಬಾಳೆ:
ಸಿಲಿಂಡರ್ ವಿಷಯ ಮೊದಲೇ ಹೇಳಬೇಕಿತ್ತು ರೀ! ಯಾವಾಗಲೂ ಒಬ್ಬರನ್ನು ಡಿಕ್ಕಿಯಲ್ಲಿ ಕೂರಿಸಿಕೊಂಡು ಓಡಿಸಿದಂತೆ ಅಲ್ವಾ ಅದು? ಭಾರ ಹೊರುವುದು ಸ್ಪ್ರಿಂಗ್, ಶಾಕ್ ಅಲ್ಲ. ಶಾಕ್ ಎಷ್ಟೇ ತಿರುಗಿಸಿದರೂ ಗಾಡಿ ಒಂದು ಎಂಎಂ ಕೂಡ ಏಳಲ್ಲ. ಹಿಂದೆ ಕಂಪನಿ ಸ್ಪ್ರಿಂಗ್ ವಾಪಸ್ ಹಾಕಿ, ಬಂಪ್ ಸ್ಟಾಪ್ ಎರಡೂ ಹೊಸದು ಹಾಕಿ.

ಸೇಡಂ ರಸ್ತೆ:
ಹಿಂದೆ ಎತ್ತರ, ಮುಂದೆ ತಗ್ಗು ಆದರೆ ನೋಡಲು ಚೆನ್ನಾಗಿರಲ್ಲ ಅಣ್ಣಾ. ಆದರೆ ಅವ್ವ ಕೂರುವುದು ಹಿಂದೆಯೇ. ಹಳೆ ಸ್ಪ್ರಿಂಗ್ ಅಟ್ಟದ ಮೇಲೆ ಇವೆ. ಈ ಭಾನುವಾರ ಹಾಕಿ, ಕಮಲಾಪುರದವರೆಗೆ ಎಲ್ಲರನ್ನೂ ಕರೆದುಕೊಂಡು ಹೋಗಿ ಬಂದು ಬರೆಯುತ್ತೇನೆ.

ಕೋಟೆ ಬಾಗಿಲು:
ಬಿಚ್ಚಿದಾಗ ಬುಷ್ ಒಂದು ಸಲ ನೋಡಿ.