ಏರ್ ರೈಫಲ್ ಕಲಿಯುವ ಮಗಳಿಗೆ ಲೆನ್ಸ್ ಬದಲಿಸುವ ಕನ್ನಡಕ: ಎಂತ ನೋಡಿ ತೆಗೆದುಕೊಳ್ಳಬೇಕು?

ಪೆರ್ಲದ ಅಮ್ಮ:
ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. ಕಳೆದ ವರ್ಷದಿಂದ 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ. ಶನಿವಾರ, ಭಾನುವಾರ ಮಂಗಳೂರಿಗೆ ಕರೆದುಕೊಂಡು ಹೋಗುತ್ತೇವೆ. ಉಳಿದ ದಿನ ಅಡಿಕೆ ಒಣಗಿಸುವ ಅಂಗಳದಲ್ಲೇ ಅಭ್ಯಾಸ. ಪಕ್ಕದಲ್ಲೇ ತೋಟ, ಆಟಿ ತಿಂಗಳಲ್ಲಿ ಮೂರು ಗಂಟೆಗೇ ಕತ್ತಲೆ. ಏಪ್ರಿಲ್‌ನಲ್ಲಿ ಕಣ್ಣು ಬಿಡಲಾಗದಷ್ಟು ಬಿಸಿಲು. ಒಂದೇ ಫ್ರೇಮಿಗೆ ಬಿಳಿ (ಬಣ್ಣವಿಲ್ಲದ್ದು), ಹಳದಿ, ಕಪ್ಪು ಮೂರು ಲೆನ್ಸ್ ಬರುವ ಸೆಟ್ ಆನ್‌ಲೈನಿನಲ್ಲಿ ತರಿಸಿದ್ದೇನೆ, ಇನ್ನೂ ಬಳಸಿಲ್ಲ. ಅವಳಿಗೆ ಪವರ್ ಕನ್ನಡಕ ಬೇರೆ ಉಂಟು, ಮೈನಸ್ ಎರಡು. ತೋಟಕ್ಕೆ ಮದ್ದು ಬಿಡುವಾಗ ಹಾಕುವ ಗಾಗಲ್ಸೇ ಸಾಕು ಅಂತಾರೆ ಇವರು. ಸಾಕಾ?

ಮುಳ್ಳೇರಿಯದವ:
ಮಳೆಗಾಲಕ್ಕೆ ಹಳದಿ ಒಳ್ಳೇದು ಅಕ್ಕಾ. ನಾನು ಅದನ್ನೇ ಹಾಕುವುದು.

ನೀರ್ಚಾಲಿನಿಂದ:
ಅಕ್ಕಾ, ಬಣ್ಣ ಆಮೇಲೆ. ಮೊದಲು ಲೆನ್ಸಿನ ಮೂಲೆಯಲ್ಲಿ ಎಂತ ಕೆತ್ತಿದ್ದಾರೆ ನೋಡಿ.

ಯಾಕೆ ಹೇಳುತ್ತೇನೆ ಅಂದರೆ, ಏಳು ವರ್ಷದ ಹಿಂದೆ ನಾನು ತೋಟದ ಬದಿಯ ಮುರಕಲ್ಲಿನ ಕಟ್ಟೆ ಮೇಲೆ ಡಬ್ಬ ಇಟ್ಟು ಹೊಡೆಯುತ್ತಿದ್ದೆ. ಗುರಿ ತಪ್ಪಿತು. ಪೆಲೆಟ್, ಅಂದರೆ ಏರ್ ರೈಫಲಿನ ಚಿಕ್ಕ ಗುಂಡು, ಕಲ್ಲಿಗೆ ಬಡಿದು ತಿರುಗಿ ಬಂತು. ಟಕ್ ಅಂತ ಸದ್ದು, ಅಷ್ಟೇ. ಕನ್ನಡಕ ತೆಗೆದು ನೋಡಿದರೆ ಎಡಗಡೆ ಲೆನ್ಸಿನಲ್ಲಿ ಸಾಸಿವೆಯಷ್ಟು ಗುಳಿ, ಸುತ್ತ ಜೇಡರ ಬಲೆಯ ಹಾಗೆ ಬಿರುಕು. ಜಾತ್ರೆಯಲ್ಲಿ ತೆಗೊಂಡ ಕೂಲಿಂಗ್ ಗ್ಲಾಸ್ ಅದು. ಇನ್ನೊಂದಿಷ್ಟು ಜೋರಾಗಿ ಬಂದಿದ್ದರೆ ಆ ಚೂರುಗಳೇ ಕಣ್ಣಿನೊಳಗೆ ಹೋಗುತ್ತಿದ್ದವು. ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಹೊಸದಾಗಿ ಕಲಿಯಲು ಬರುವ ಮಕ್ಕಳ ಕೈಗೆ ಕೊಟ್ಟು, ಆ ಗುಳಿಯನ್ನು ಉಗುರಿನಿಂದ ಮುಟ್ಟಿ ನೋಡಿ ಅನ್ನುತ್ತೇನೆ.

ಅಮೆರಿಕದ ಸುರಕ್ಷತೆಯ ಗುರುತಾದರೆ ಜ಼ೆಡ್87, ಅದರ ಪಕ್ಕ ಪ್ಲಸ್ ಚಿಹ್ನೆ ಇರಬೇಕು. ಕಾಲು ಇಂಚಿನ ಉಕ್ಕಿನ ಗುಂಡನ್ನು ಸೆಕೆಂಡಿಗೆ 150 ಅಡಿ ವೇಗದಲ್ಲಿ ಹೊಡೆದು, 500 ಗ್ರಾಂನ ಚೂಪು ತೂಕವನ್ನು 127 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ ಪರೀಕ್ಷೆ ಮಾಡಿದ್ದು ಅಂತ ಅದರ ಅರ್ಥ. ಯುರೋಪಿನದ್ದಾದರೆ ಇಎನ್ 166, ಜೊತೆಗೆ ಎಫ್ ಅಕ್ಷರ. ಇದೆಲ್ಲ ತಿರುಗಿ ಬರುವ ಚೂರಿಗೆ, ನೇರ ಗುಂಡಿಗಲ್ಲ. ಪೆಲೆಟ್ ನಳಿಗೆಯಿಂದ ಆ ಪರೀಕ್ಷೆಯ ಗುಂಡಿನ ಮೂರು ಪಟ್ಟಿಗಿಂತ ಜಾಸ್ತಿ ವೇಗದಲ್ಲಿ ಹೊರಡುತ್ತದೆ.

ಲೆನ್ಸ್ ಬದಲಿಸುವ ಸೆಟ್ಟಿನಲ್ಲಿ ಮೋಸ ಹೋಗುವುದು ಇಲ್ಲೇ. ಫ್ರೇಮಿನ ಕಡ್ಡಿ ಮೇಲೆ ಗುರುತು ಇರುತ್ತದೆ, ಲೆನ್ಸುಗಳ ಮೇಲೆ ಇರುವುದಿಲ್ಲ. ಮೂರಕ್ಕೆ ಮೂರರಲ್ಲೂ ಇರಬೇಕು. ಆಮೇಲೆ ಲೆನ್ಸ್ ಹಾಕಿ, ಟಿಕ್ ಅಂತ ಕೂತ ಮೇಲೆ, ಬಟ್ಟೆ ಹಿಡಿದು ಎರಡೂ ಹೆಬ್ಬೆರಳಿನಿಂದ ಮುಂದಿನಿಂದ ಒತ್ತಿ. ಮೂಗಿನ ಹತ್ತಿರ ಹಿಂದಕ್ಕೆ ಜಾರಿದರೆ ವಾಪಸ್ ಕಳಿಸಿ. ಪೆಟ್ಟು ಬಿದ್ದಾಗ ಲೆನ್ಸೇ ಕಳಚಿ ಕಣ್ಣಿಗೆ ಬಡಿಯುವ ಕನ್ನಡಕ ನಮಗೆ ಬೇಡ.

ಬಣ್ಣಕ್ಕೆ ಬಂದರೆ, ಒಳಾಂಗಣ ರೇಂಜಿಗೆ ಬಿಳಿಯೇ ಸಾಕು. ಹಳದಿ ಲೆನ್ಸ್ ನೀಲಿ ಬೆಳಕನ್ನು ತಡೆಯುತ್ತದೆ, ಹಾಗಾಗಿ ಮೋಡದ ದಿನ ಗುರಿಯ ಕಪ್ಪು ವೃತ್ತದ ಅಂಚು ಎದ್ದು ಕಾಣುತ್ತದೆ. ಆದರೆ ಅದು ಬೆಳಕು ಹೆಚ್ಚು ಮಾಡುವುದಿಲ್ಲ. ತೀರಾ ಕತ್ತಲಾದರೆ ಬಿಳಿಗೇ ಬನ್ನಿ. ಕಪ್ಪನ್ನು ಏಪ್ರಿಲ್ ಬಿಸಿಲಿಗೆ ಮಾತ್ರ ಇಡಿ. ಕಪ್ಪಿನ ಹಿಂದೆ ಕಣ್ಣಿನ ಪಾಪೆ ಅಗಲವಾಗುತ್ತದೆ, ರೈಫಲಿನ ಸೈಟು (ಗುರಿ ಹಿಡಿಯುವ ಭಾಗ), ಗುರಿ ಎರಡೂ ಒಟ್ಟಿಗೆ ಸ್ಪಷ್ಟ ಕಾಣುವುದು ಕಷ್ಟ.

ಮದ್ದು ಬಿಡುವ ಗಾಗಲ್ಸ್ ದ್ರವ ಸಿಡಿಯುವುದಕ್ಕೆ. ಗುರುತು ಇಲ್ಲದಿದ್ದರೆ ಬೇಡವೇ ಬೇಡ. ಮತ್ತೆ, ಗುರಿಯ ಹಿಂದೆ ಕಲ್ಲು ಇರಬಾರದು, ಪೆಲೆಟ್ ಹಿಡಿಯುವ ಪೆಟ್ಟಿಗೆ ಇಡಿ.

ಪೆರ್ಲದ ಅಮ್ಮ:
ಈಗಷ್ಟೇ ನೋಡಿದೆ ಅಣ್ಣಾ. ಕಡ್ಡಿಯಲ್ಲಿ ಗುರುತು ಉಂಟು, ಬಿಳಿ ಲೆನ್ಸಿನಲ್ಲೂ ಉಂಟು. ಹಳದಿ, ಕಪ್ಪಿನಲ್ಲಿ ಎಂತದೂ ಇಲ್ಲ. ಸೆಟ್ ವಾಪಸ್. ಪವರಿಗೆ ಎಂತ ಮಾಡುವುದು? ದೊಡ್ಡ ಸ್ಪರ್ಧೆಗಳಲ್ಲಿ ಒಂದೇ ಕಣ್ಣಿಗೆ ದುಂಡಗಿನ ಲೆನ್ಸ್ ಇರುವ ಕಡ್ಡಿ ಕನ್ನಡಕ ಹಾಕುತ್ತಾರಲ್ವಾ, ಅದು ಆಗುತ್ತದಾ?

ವಿದ್ಯಾನಗರದ ಟೀಚರ್:
ಅಂಥ ಫ್ರೇಮ್ ನಾನೂ ಬಳಸಿದ್ದೇನೆ. ನೊಬ್ಲಾಕ್, ಚಾಂಪಿಯನ್ ಕಂಪನಿಗಳದ್ದು ಬರುತ್ತದೆ. ಲೆನ್ಸನ್ನು ಕಣ್ಣಿಗೆ ಸರಿ ನೇರಕ್ಕೆ ತಿರುಗಿಸಿ ನಿಲ್ಲಿಸಬಹುದು, ಇನ್ನೊಂದು ಕಣ್ಣಿಗೆ 30 ಮಿಲಿಮೀಟರ್ ಅಗಲದವರೆಗೆ ಮರೆ ಕಟ್ಟಬಹುದು. ಸ್ಪರ್ಧೆಗೆ ತುಂಬ ಒಳ್ಳೇದು. ಆದರೆ ಬದಿ ಪೂರ್ತಿ ತೆರೆದೇ ಇರುತ್ತದೆ. ಅಂಗಳದ ಅಭ್ಯಾಸಕ್ಕೆ ಅದನ್ನು ನಂಬಬೇಡಿ.

ಸದ್ಯಕ್ಕೆ ಪಾಲಿಕಾರ್ಬೊನೇಟಿನಲ್ಲೇ (ಸುಲಭಕ್ಕೆ ಒಡೆಯದ ಪ್ಲಾಸ್ಟಿಕ್) ಪವರ್ ಲೆನ್ಸ್ ಮಾಡಿಸಿ. ರೈಫಲ್ ಹಿಡಿದಾಗ ಕೆನ್ನೆ ವಾಲುತ್ತದೆ, ಕಣ್ಣು ಲೆನ್ಸಿನ ನಡುವಿನಿಂದ ನೋಡುವುದಿಲ್ಲ, ಮೂಗಿನ ಕಡೆಯ ಮೇಲಿನ ಮೂಲೆಯಿಂದ ನೋಡುತ್ತದೆ. ಪೆಲೆಟ್ ಹಾಕದ ರೈಫಲ್ ಹಿಡಿದು ಅವಳು ನಿಂತಿರುವಾಗ ನೀವು ಬದಿಯಲ್ಲಿ ನಿಂತು, ಅವಳ ಕಣ್ಣಿನ ಎದುರಿಗೆ ಲೆನ್ಸ್ ಮೇಲೆ ಸ್ಕೆಚ್ ಪೆನ್ನಿನಿಂದ ಚುಕ್ಕಿ ಇಡಿ. ಆ ಚುಕ್ಕಿ ಸಮೇತ ಕನ್ನಡಕದಂಗಡಿಗೆ ಹೋಗಿ.

ಪಾಲಿಕಾರ್ಬೊನೇಟಿಗೆ ಗೀರು ಬೇಗ ಬೀಳುತ್ತದೆ. ಬೈರಾಸಿನಿಂದ ಒಣ ಒರೆಸಬೇಡಿ, ನೀರು, ಸೋಪಿನಿಂದ ತೊಳೆಯಿರಿ. ಸಂಜೆ ತೋಟದ ಬದಿ ಸೊಳ್ಳೆ ಜಾಸ್ತಿ, ಅಲ್ವಾ? ಡೀಟ್ ಎಂಬ ರಾಸಾಯನಿಕ ಇರುವ ಸೊಳ್ಳೆ ಕ್ರೀಮ್ ಹಚ್ಚಿದ ಕೈಯಲ್ಲಿ ಲೆನ್ಸ್ ಮುಟ್ಟಿದರೆ ಮೇಲ್ಪದರ ಹಾಳಾಗುತ್ತದೆ. ಮೊದಲು ಕೈ ತೊಳೆಯಲಿ.

ಪೆರ್ಲದ ಅಮ್ಮ:
ಇವತ್ತು ಸಂಜೆಯೇ ಚುಕ್ಕಿ ಇಡುತ್ತೇವೆ ಟೀಚರ್. ಗುರಿಯ ಕಾರ್ಡ್ ಬದಲಿಸಲು ಇವರೂ ಅಂಗಳದಲ್ಲೇ ನಿಲ್ಲುತ್ತಾರೆ. ಇವರಿಗೂ ಬೇಕಾ?

ನೀರ್ಚಾಲಿನಿಂದ:
ಬೇಕೇ ಬೇಕು ಅಕ್ಕಾ, ನಿಮಗೂ ಬೇಕು. ಆ ದಿನ ಬದಿಯಲ್ಲಿ ನನ್ನ ತಮ್ಮ ಬರಿಗಣ್ಣಲ್ಲಿ ನಿಂತಿದ್ದ.