‘ದಿ ವಾಟರ್ ಬೇಬೀಸ್’: ಟಾಮ್ ತೊಳೆದುಕೊಂಡದ್ದು ಯಾವ ಕೊಳೆಯನ್ನು?

ತುಂಗಾತೀರ (ಪ್ರಶ್ನೆ):

ಚಾರ್ಲ್ಸ್ ಕಿಂಗ್ಸ್‌ಲಿಯ ‘ದಿ ವಾಟರ್ ಬೇಬೀಸ್’ (1863) ಕಾದಂಬರಿಯನ್ನು ಓದಿದವರಲ್ಲಿ ಒಂದು ವಿಷಯ ಕೇಳಬೇಕಾಗಿದೆ. ಸಿರಿವಂತರ ಮನೆಗಳ ಚಿಮಣಿಯೊಳಗೆ ಹತ್ತಿ ಮಸಿ ಕೆರೆಯುವ ಟಾಮ್ ಎಂಬ ಹುಡುಗ ಹಾರ್ಟ್‌ಹೋವರ್ ಬಂಗಲೆಯಲ್ಲಿ ದಾರಿ ತಪ್ಪಿ, ಮನೆಯೊಡೆಯನ ಮಗಳು ಮಲಗಿದ್ದ ಅಚ್ಚ ಬಿಳಿಯ ಕೋಣೆಗೆ ಇಳಿಯುತ್ತಾನೆ. ಅಲ್ಲಿ ಕಂಡ ಕರಿಯ, ಕುರೂಪಿ ಆಕೃತಿಯನ್ನು ಬೇರೆ ಯಾರೋ ಎಂದುಕೊಂಡು ಅದರ ಮೇಲೆ ಸಿಟ್ಟಾಗಿ, ಅದು ಕನ್ನಡಿಯಲ್ಲಿ ಮೂಡಿದ ತನ್ನದೇ ಬಿಂಬವೆಂದು ತಿಳಿದಾಗ ನಾಚಿಕೆಯಿಂದ ಅತ್ತುಬಿಡುತ್ತಾನೆ. ಕಳ್ಳನೆಂದು ಎಲ್ಲರೂ ಅಟ್ಟಿಸಿಕೊಂಡು ಬಂದಾಗ ಗುಡ್ಡ ಹಾದು ಓಡಿ, ಜ್ವರದ ಭ್ರಮೆಯಲ್ಲಿ ‘ನಾನು ಶುದ್ಧನಾಗಬೇಕು’ ಎನ್ನುತ್ತ ಹೊಳೆಗಿಳಿದು, ನೀರಿನಲ್ಲೇ ಉಸಿರಾಡುವ ಪುಟಾಣಿ ಜೀವಿಯಾಗುತ್ತಾನೆ.

ಈ ನೀರು ಕ್ರೈಸ್ತರ ದೀಕ್ಷಾಸ್ನಾನದ ಸಂಕೇತವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಕಿಂಗ್ಸ್‌ಲಿ ಎವರ್ಸ್‌ಲಿ ಗ್ರಾಮದ ಪಾದ್ರಿಯಾಗಿದ್ದುದರಿಂದ ಆ ಅರ್ಥ ಸಹಜವೇ ಹೌದು. ಆದರೆ ಹಾಗೆ ಓದಿದರೆ ಮಸಿಯೇ ಪಾಪವಾಗುವುದಿಲ್ಲವೇ? ಆ ಮಸಿ ಹುಡುಗನ ಮೈಗೆ ಹತ್ತಿದ್ದು ಬೇರೆಯವರ ಮನೆಯ ಬೆಂಕಿ ಚೆನ್ನಾಗಿ ಉರಿಯಲೆಂದು. ದುಡಿಸಿಕೊಂಡವರನ್ನು ಬಿಟ್ಟು ದುಡಿದ ಮಗುವಿಗೆ ಶುದ್ಧಿಯ ಪಾಠ ಹೇಳುವ ಕಥೆಯನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಹಳೆಯಪುಟ (ಉತ್ತರ):

ತುಂಗಾತೀರ ಅವರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಆದರೆ ಮಸಿಯನ್ನೂ ತಪ್ಪನ್ನೂ ಲೇಖಕರೇ ಬಹಳ ಸ್ಪಷ್ಟವಾಗಿ ಬೇರ್ಪಡಿಸಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಟಾಮ್ ನೀರಿಗಿಳಿದ ಕೂಡಲೇ ಮಸಿಯಷ್ಟೇ ಅಲ್ಲ, ಅವನ ಹೊರಗಿನ ಚಿಪ್ಪೇ ಕಳಚಿಹೋಗುತ್ತದೆ. ಊರವರು ಹೊಳೆಯಲ್ಲಿ ಕಂಡ ಕರಿಯ ವಸ್ತುವನ್ನು ಅವನ ಹೆಣವೆಂದು ತಿಳಿಯುತ್ತಾರೆ. ನೀರು ಪಾಪ ತೊಳೆಯುವ ತೀರ್ಥವೇ ಆಗಿದ್ದರೆ ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯುವುದಿಲ್ಲ. ಮೈ ಶುದ್ಧವಾದ ಮೇಲೂ ಟಾಮ್ ನೀರಿನ ಹುಳುವಿನ ಗೂಡನ್ನು ಕಿತ್ತು ನೋಡುತ್ತಾನೆ, ಸಮುದ್ರ ಸೇರಿದ ಮೇಲೆ ಬಾಯ್ತೆರೆದು ಆಹಾರಕ್ಕೆ ಕಾದಿರುವ ಕಡಲಹೂಗಳಿಗೆ ಕಲ್ಲು ತಿನ್ನಿಸುತ್ತಾನೆ. ಮಾಡಿದ್ದನ್ನು ಮರಳಿ ಉಣ್ಣಿಸುವ ಕಿನ್ನರಿ, ಮಿಸೆಸ್ ಬಿಡನ್‌ಬೈಆಸ್‌ಯೂಡಿಡ್, ಬೇರೆ ಮಕ್ಕಳಿಗೆಲ್ಲ ಮಿಠಾಯಿ ಹಂಚಿ ಇವನ ಬಾಯಿಗೆ ತಣ್ಣನೆಯ ಕಲ್ಲುಹರಳನ್ನು ಇಡುವುದು ಇದಕ್ಕಾಗಿಯೇ ಹೊರತು ಚಿಮಣಿಯ ಮಸಿಗಾಗಿ ಅಲ್ಲ.

ಕಾದಂಬರಿಯ ಮೊದಲ ಪುಟಗಳಲ್ಲೇ ಬರುವ ಒಂದು ವಿವರವನ್ನು ಇದರ ಜೊತೆಗಿಟ್ಟು ಓದಬೇಕು. ಒಡೆಯ ಗ್ರೈಮ್ಸ್‌ನಿಂದ ದಿನವೂ ಏಟು ತಿನ್ನುವ ಟಾಮ್‌ನ ಕನಸೇನು? ತಾನೂ ದೊಡ್ಡವನಾಗಿ, ಪಡಖಾನೆಯಲ್ಲಿ ಬಿಯರು ಕುಡಿಯುತ್ತ ಪೈಪು ಸೇದುತ್ತ ಕೂತು, ತನ್ನ ಕೈಕೆಳಗಿನ ಹುಡುಗರನ್ನು ಹೀಗೆಯೇ ಬಡಿಯಬೇಕು ಎಂಬುದು. ನನಗೆ ಇಡೀ ಪುಸ್ತಕದಲ್ಲಿ ಅತ್ಯಂತ ದುಃಖ ತರುವ ಮಾತು ಇದು. ಏಟು ತಿಂದ ಮಗುವಿನೊಳಗೆ ಏಟು ಕೊಡುವವನು ಆಗಲೇ ಬೆಳೆಯುತ್ತಿದ್ದಾನೆ, ಟಾಮ್ ತೊಳೆದುಕೊಳ್ಳಬೇಕಾದದ್ದು ಅವನನ್ನು. ಆದ್ದರಿಂದಲೇ ಕೊನೆಯ ಪರೀಕ್ಷೆಯಾಗಿ ಅವನು ತನಗೆ ಇಷ್ಟವಿಲ್ಲದ ಗ್ರೈಮ್ಸ್‌ನ ನೆರವಿಗೇ ಹೋಗಬೇಕಾಗುತ್ತದೆ. ಚಿಮಣಿಯೊಂದರಲ್ಲಿ ಸಿಕ್ಕಿಕೊಂಡಿರುವ ಗ್ರೈಮ್ಸ್‌ನ ಮುಖದ ಮಸಿಯನ್ನು ಟಾಮ್ ಎಷ್ಟು ಒರೆಸಿದರೂ ಅದು ಹೋಗುವುದಿಲ್ಲ, ಇಟ್ಟಿಗೆಗಳು ಅಲುಗುವುದಿಲ್ಲ. ತಾನು ತೊರೆದು ಬಂದ ತಾಯಿಯನ್ನು ನೆನೆದು ಗ್ರೈಮ್ಸ್ ಅತ್ತಾಗ ಆ ಕಣ್ಣೀರೇ ಮಸಿಯನ್ನು ತೊಳೆದು, ಇಟ್ಟಿಗೆಗಳ ನಡುವಿನ ಗಾರೆಯನ್ನೂ ಕರಗಿಸುತ್ತದೆ. ಹೊಳೆ, ಕಡಲುಗಳಿಂದ ಆಗದ ಕೆಲಸ ಅದು.

ಬೆಳ್ಳಕ್ಕಿ (ಉತ್ತರ):

ಹಳೆಯಪುಟ ಅವರ ಮಾತನ್ನು ಒಪ್ಪುತ್ತಲೇ ಒಂದು ಅಂಶ ಸೇರಿಸುತ್ತೇನೆ. ಈ ಕಾದಂಬರಿಯಲ್ಲಿ ನೀರು ಮೊದಲು ನೀರೇ ಆಗಿದೆ, ಸಂಕೇತವಾಗುವುದು ಆಮೇಲೆ. 1849ರಲ್ಲಿ ಲಂಡನ್ನಿನಲ್ಲಿ ಕಾಲರಾ ಹಬ್ಬಿದಾಗ ಬರ್ಮಂಡ್ಸಿಯ ಬಡವರಿಗೆ ಕುಡಿಯಲು ಶುದ್ಧ ನೀರು ಒದಗಿಸಲು ಓಡಾಡಿದವರಲ್ಲಿ ಕಿಂಗ್ಸ್‌ಲಿಯೂ ಒಬ್ಬರು. ‘ತಪ್ಪೆಂದು ನನಗೆ ಗೊತ್ತಿರಲಿಲ್ಲ’ ಎಂದು ಟಾಮ್ ಬೇಡಿಕೊಂಡಾಗ, ಬೆಂಕಿ ಸುಡುತ್ತದೆಂದು ಗೊತ್ತಿಲ್ಲದವನನ್ನೂ ಬೆಂಕಿ ಸುಡುತ್ತದೆ, ಕೊಳಕಿನಿಂದ ಜ್ವರ ಬರುತ್ತದೆಂದು ಅರಿಯದವನನ್ನೂ ಜ್ವರ ಕೊಲ್ಲುತ್ತದೆ ಎಂದು ಕಿನ್ನರಿ ಉತ್ತರಿಸುವುದರ ಹಿಂದೆ ಆ ಅನುಭವವಿದೆ. ತಾನು ಯಂತ್ರದಂತೆ ಕೆಲಸ ಮಾಡುವವಳು ಎಂದೂ ಅವಳೇ ಹೇಳಿಕೊಳ್ಳುತ್ತಾಳೆ. ನಿಸರ್ಗದ ನಿಯಮಕ್ಕೆ ಕಟ್ಟಿದ ರೂಪ ಅವಳು.

ಇದನ್ನು ಡಾರ್ವಿನ್‌ನ ನೆರಳಿನಲ್ಲೂ ನೋಡಬೇಕು. ‘ಆರಿಜಿನ್ ಆಫ್ ಸ್ಪೀಷೀಸ್’ 1859ರಲ್ಲಿ ಹೊರಬಂದಾಗ ಮೆಚ್ಚಿ ಪತ್ರ ಬರೆದ ಪಾದ್ರಿ ಕಿಂಗ್ಸ್‌ಲಿ. ಡಾರ್ವಿನ್ ತನ್ನ ಎರಡನೆಯ ಆವೃತ್ತಿಯಲ್ಲಿ ಆ ಮಾತನ್ನು ಉಲ್ಲೇಖಿಸಿದ್ದಾನೆ. ಕಾದಂಬರಿಯಲ್ಲಿ ಟಾಮ್ ಉತ್ತರದ ಹಿಮಗಡಲಿಗೆ ಹೋದಾಗ, ಜೀವಿಗಳ ಸೃಷ್ಟಿಗೆ ಕಾರಣಳಾದ ಕಿನ್ನರಿ ಮದರ್ ಕ್ಯಾರಿ ಗಲ್ಲಕ್ಕೆ ಕೈಯಿಟ್ಟು ಸುಮ್ಮನೆ ಕುಳಿತಿರುವುದನ್ನು ಕಾಣುತ್ತಾನೆ. ಹಳೆಯ ಜೀವಿಗಳಿಂದ ಹೊಸವನ್ನು ಮಾಡುತ್ತಿರುವೆಯಂತೆ ಎಂದು ಕೇಳಿದರೆ, ತಾನು ಮಾಡುವುದಿಲ್ಲ, ಅವು ತಮ್ಮನ್ನು ತಾವೇ ಮಾಡಿಕೊಳ್ಳುವಂತೆ ಮಾಡುತ್ತೇನೆ ಎನ್ನುತ್ತಾಳೆ. ದೇವರನ್ನೂ ವಿಕಾಸವಾದವನ್ನೂ ಒಂದೇ ಪೀಠದ ಮೇಲೆ ಕೂರಿಸಿದ ಚಿತ್ರ ಇದು, ಅದೂ ಮಕ್ಕಳ ಕಥೆಯಲ್ಲಿ.

ಕಲ್ಲುಸೇತುವೆ (ಉತ್ತರ):

ಇಬ್ಬರ ವಿವರಣೆಯೂ ಸೊಗಸಾಗಿದೆ, ಆದರೂ ತುಂಗಾತೀರ ಅವರ ಆಕ್ಷೇಪ ಪೂರ್ತಿ ನಿವಾರಣೆಯಾಗಿಲ್ಲ. ಕಿನ್ನರಿ ದಂಡಿಸುವ ಹಿರಿಯರ ಸಾಲನ್ನು ಗಮನಿಸಿ: ಮಕ್ಕಳಿಗೆ ಅತಿಯಾಗಿ ಔಷಧ ಕುಡಿಸಿದ ವೈದ್ಯರು, ಮಕ್ಕಳ ಸೊಂಟ ಬಿಗಿದು ಕಟ್ಟಿದ ಹೆಂಗಸರು, ಅಜಾಗ್ರತೆಯ ದಾದಿಯರು, ಕ್ರೂರಿಗಳಾದ ಶಾಲಾ ಮಾಸ್ತರರು. ತಮ್ಮ ಚಿಮಣಿಗೆ ಮಕ್ಕಳನ್ನು ಹತ್ತಿಸಿದ ಮನೆಯೊಡೆಯರು ಆ ಸಾಲಿನಲ್ಲಿ ಇಲ್ಲ. 21 ವರ್ಷದೊಳಗಿನವರನ್ನು ಚಿಮಣಿ ಹತ್ತಿಸಬಾರದೆಂದು 1840ರಲ್ಲೇ ಕಾನೂನಾಗಿತ್ತು. ಅದನ್ನು ರಾಜಾರೋಷವಾಗಿ ಮುರಿಯುತ್ತಿದ್ದವರಲ್ಲಿ ಇಂಥ ದೊಡ್ಡ ಮನೆಗಳವರೂ ಇದ್ದರು. ಆದರೆ ಕಾದಂಬರಿಯಲ್ಲಿ ಹಾರ್ಟ್‌ಹೋವರ್‌ನ ಒಡೆಯ ಸರ್ ಜಾನ್ ಮರುಗುವ ಸಜ್ಜನರಾಗಿ ಉಳಿಯುತ್ತಾರೆ. ಸೋಮಾರಿತನದಿಂದ ಮನುಷ್ಯರು ವಾನರರಾಗುವ ಉಪಕಥೆಯಲ್ಲಿ ಬಿಳಿಯರಲ್ಲದವರ ಬಗ್ಗೆ ಇರುವ ತಾತ್ಸಾರವನ್ನೂ ಮುಚ್ಚಿಡಲಾಗದು. ಇಂದಿನ ಮಕ್ಕಳಿಗೆ ಆ ಭಾಗವನ್ನು ವಿವರಣೆಯಿಲ್ಲದೆ ಕೊಡಬಾರದು.

ಪುಸ್ತಕ ಬಂದ ಮರುವರ್ಷ, 1864ರಲ್ಲಿ, ಕಾನೂನು ಬಿಗಿಯಾಯಿತು. ಅದು ಕಾದಂಬರಿಯೊಂದರಿಂದಲೇ ಆಯಿತೆನ್ನುವುದು ಅತಿಶಯೋಕ್ತಿ, ಏಕೆಂದರೆ ಸಮಾಜ ಸುಧಾರಕ ಲಾರ್ಡ್ ಶಾಫ್ಟ್ಸ್‌ಬರಿ ಬಹುಕಾಲದಿಂದ ಹೋರಾಡುತ್ತಿದ್ದರು ಮತ್ತು ಮಕ್ಕಳ ದುಡಿಮೆಯ ಆಯೋಗದ ವರದಿಯೂ ಬಂದಿತ್ತು. ಆ ಕಾನೂನೂ ಸಾಲಲಿಲ್ಲ. 1875ರಲ್ಲಿ ಕೇಂಬ್ರಿಡ್ಜ್ ಬಳಿಯ ಫುಲ್‌ಬರ್ನ್‌ನಲ್ಲಿ ಚಿಮಣಿಗಿಳಿದ ಬಾಲಕ ಜಾರ್ಜ್ ಬ್ರೂಸ್ಟರ್ ತೀರಿಕೊಂಡ ಮೇಲೆ, ಈ ಕಸುಬಿನವರೆಲ್ಲ ಪೊಲೀಸರಿಂದ ಪರವಾನಗಿ ಪಡೆಯಲೇಬೇಕೆಂಬ ಕಾಯಿದೆ ಅದೇ ವರ್ಷ ಬಂದಿತು.